ರಿಪೋರ್ಟಿನ ಹಿಂದೆ ಒಬ್ಬ ದಿಟ್ಟೆ

ಸುಸ್ತು, ಕೂದಲು ಉದುರೋದು, ಮುಟ್ಟಿನಲ್ಲಿ ಏರುಪೇರು, ಸುಮ್ಮಸುಮ್ಮನೆ ತೂಕ ಜಾಸ್ತಿ... ಇಷ್ಟು ಹೇಳಿದರೆ ಸಾಕು, ಡಾಕ್ಟರು 'ಥೈರಾಯ್ಡ್ ಟೆಸ್ಟ್ ಮಾಡಿಸಿ' ಅಂತ ಚೀಟಿ ಬರೆದುಕೊಡುತ್ತಾರೆ. ನೀವೂ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತೀರಿ. ರಕ್ತದಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿರುವ ಹಾರ್ಮೋನನ್ನು ಅಳೆಯುವ ದಾರಿ ತೋರಿಸಿದ್ದು ಎರಡು ಮಕ್ಕಳ ತಾಯಿ ಎಂಬುದು ನಿಮಗೆ ಗೊತ್ತೆ? ಆಕೆಯೇ ರೋಸಲಿನ್ ಯಾಲೋ.

ಹುಟ್ಟಿದ್ದು 1921ರಲ್ಲಿ, ನ್ಯೂಯಾರ್ಕಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವರಲ್ಲ. ಮಗಳಿಗೆ ಮಾತ್ರ ಭೌತಶಾಸ್ತ್ರದ ಹುಚ್ಚು. ಹೆಣ್ಣು, ಅದರಲ್ಲೂ ಯಹೂದಿ. ಉನ್ನತ ವ್ಯಾಸಂಗಕ್ಕೆ ಸೀಟು ಸಿಗುವುದು ಕಷ್ಟ ಎಂದು ಸ್ಟೆನೋಗ್ರಫಿ ಕಲಿಯಲು ಹೊರಟರು. ಅಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಕರೆ ಬಂತು. ಹೋಗಿ ನೋಡಿದರೆ ಎಂಜಿನಿಯರಿಂಗ್ ಕಾಲೇಜಿನ ಸುಮಾರು 400 ಬೋಧಕರ ನಡುವೆ ಇವರೊಬ್ಬರೇ ಹೆಂಗಸು! ಒಂದೇ ಒಂದು ಪ್ರಯೋಗಾಲಯದ ವಿಷಯದಲ್ಲಿ ಕೂದಲೆಳೆಯಷ್ಟು ಕಡಿಮೆ ಗ್ರೇಡ್ ಬಂದಾಗ, ಹೆಂಗಸರಿಗೆ ಲ್ಯಾಬ್ ಕೆಲಸ ಆಗಿಬರೋದಿಲ್ಲ ಎಂಬ ಮಾತನ್ನು ವಿಭಾಗದ ಮುಖ್ಯಸ್ಥರಿಂದ ಕೇಳಬೇಕಾಯಿತು. 1945ರಲ್ಲಿ ಅಲ್ಲಿಂದಲೇ ಪಿಎಚ್.ಡಿ. ಪಡೆದರು.

1947ರಲ್ಲಿ ಬ್ರಾಂಕ್ಸ್‌ನ ಮಾಜಿ ಸೈನಿಕರ ಆಸ್ಪತ್ರೆ ಸೇರಿದಾಗ ಸಿಕ್ಕಿದ್ದು ಕಸಪೊರಕೆ ಇಡುವ ಕೋಣೆ. ಅದನ್ನೇ ಲ್ಯಾಬ್ ಮಾಡಿಕೊಂಡರು. 1950ರಲ್ಲಿ ಡಾ. ಸಾಲೊಮನ್ ಬೆರ್ಸನ್ ಜೊತೆಯಾದರು. ಮನೆ, ಮಕ್ಕಳು, ಅಡುಗೆ ಎಲ್ಲದರ ಜೊತೆಗೇ ಸಂಶೋಧನೆಯೂ ಸಾಗಿತು.

ಆಗ ಮಧುಮೇಹಿಗಳಿಗೆ ದನ, ಹಂದಿಯಿಂದ ತೆಗೆದ ಇನ್ಸುಲಿನ್ ಕೊಡುತ್ತಿದ್ದರು. ಅದು ರೋಗಿಗಳ ದೇಹದಲ್ಲಿ ಬೇಗ ನಾಶವಾಗಬಹುದು ಎಂಬ ಊಹೆ ಇತ್ತು. ಪರೀಕ್ಷಿಸಿದರೆ ಉಲ್ಟಾ! ಇನ್ಸುಲಿನ್ ತೆಗೆದುಕೊಂಡವರ ರಕ್ತದಲ್ಲಿ ಅದು ಹೆಚ್ಚು ಹೊತ್ತು ಉಳಿಯುತ್ತಿತ್ತು. ದೇಹ ತಯಾರಿಸಿದ ಪ್ರತಿಕಾಯಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತಿದ್ದವು. ಇದನ್ನು ಬರೆದು ಕಳಿಸಿದರೆ ಪತ್ರಿಕೆಗಳು ಒಪ್ಪಲಿಲ್ಲ. ಕೊನೆಗೆ ಶೀರ್ಷಿಕೆಯಿಂದ 'ಪ್ರತಿಕಾಯ' ಎಂಬ ಪದ ತೆಗೆದ ಮೇಲೆ, 1956ರಲ್ಲಿ ಪ್ರಕಟವಾಯಿತು. ಆ ತಿರಸ್ಕಾರದ ಪತ್ರವನ್ನು ಯಾಲೋ ಜೋಪಾನವಾಗಿ ಇಟ್ಟುಕೊಂಡಿದ್ದರು. ನೊಬೆಲ್ ಭಾಷಣದಲ್ಲಿ ಅದನ್ನೇ ತೋರಿಸಿದರು!

ಅಳತೆಯ ಉಪಾಯ ಹುಟ್ಟಿದ್ದೂ ಇಲ್ಲಿಂದಲೇ. ಬಸ್ಸಿನ ಸೀಟುಗಳನ್ನು ನೆನೆಸಿಕೊಳ್ಳಿ. ಪ್ರತಿಕಾಯಗಳೇ ಸೀಟು. ವಿಕಿರಣದ ಗುರುತು ಹಾಕಿದ ಹಾರ್ಮೋನು ಸಮವಸ್ತ್ರ ತೊಟ್ಟ ಪ್ರಯಾಣಿಕರಿದ್ದಂತೆ. ರೋಗಿಯ ರಕ್ತದ ಹಾರ್ಮೋನೂ ಅದೇ ಸೀಟಿಗೆ ನುಗ್ಗುತ್ತದೆ. ಅದು ಜಾಸ್ತಿ ಇದ್ದಷ್ಟೂ ಸಮವಸ್ತ್ರದವರಿಗೆ ಸೀಟು ಕಡಿಮೆ. ಕುಳಿತವರನ್ನು ಎಣಿಸಿದರೆ ಲೆಕ್ಕ ಸಿಕ್ಕಿತು. ಇದೇ ರೇಡಿಯೋ ಇಮ್ಯುನೊಅಸ್ಸೇ. ದೊಡ್ಡವರಾದ ಮೇಲೆ ಬರುವ ಮಧುಮೇಹದಲ್ಲಿ ಎಷ್ಟೋ ಮಂದಿಗೆ ಇನ್ಸುಲಿನ್ ಕೊರತೆಯೇ ಇಲ್ಲ, ಇದ್ದ ಇನ್ಸುಲಿನ್ನೇ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸುಳಿವು ಸಿಕ್ಕಿದ್ದೂ ಇದರಿಂದಲೇ. ಇಬ್ಬರೂ ಪೇಟೆಂಟ್ ಮಾಡಿಸಲಿಲ್ಲ.

1972ರಲ್ಲಿ ಬೆರ್ಸನ್ ತೀರಿಕೊಂಡರು. ಲ್ಯಾಬಿಗೆ ಗೆಳೆಯನ ಹೆಸರಿಟ್ಟು ಯಾಲೋ ಕೆಲಸ ಮುಂದುವರಿಸಿದರು. 1977ರಲ್ಲಿ ನೊಬೆಲ್ ಬಂತು. ವೈದ್ಯಕೀಯದಲ್ಲಿ ಆ ಗೌರವ ಪಡೆದ ಎರಡನೇ ಮಹಿಳೆ ಇವರು. 2011ರಲ್ಲಿ ನಿಧನರಾದರು. ಇಂದಿನ ಬಹಳಷ್ಟು ಲ್ಯಾಬುಗಳಲ್ಲಿ ವಿಕಿರಣ ಬಳಸುವುದಿಲ್ಲ. ಆದರೆ ಪ್ರತಿಕಾಯದಿಂದ ಹಾರ್ಮೋನನ್ನು ಹಿಡಿದು ಅಳೆಯುವ ಮೂಲ ವಿದ್ಯೆ ಅದೇ.

ಪರೀಕ್ಷೆಗೆ ಹೋಗುವ ಮುನ್ನ ಇವಿಷ್ಟು ನೆನಪಿರಲಿ:

* ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರಾ? ಮೊದಲೇ ಡಾಕ್ಟರಿಗೆ, ಲ್ಯಾಬಿನವರಿಗೆ ಹೇಳಿ. ಅದರಿಂದ ಥೈರಾಯ್ಡ್ ಫಲಿತಾಂಶ ತಪ್ಪಾಗಿ ಬರಬಹುದು.

* ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಿ. ಕಾಫಿ, ತಿಂಡಿ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಕಬ್ಬಿಣಾಂಶ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ.

* ಗರ್ಭಿಣಿಯಾದರೆಂದು ಥೈರಾಯ್ಡ್ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಕೂಡಲೇ ಡಾಕ್ಟರನ್ನು ಕಾಣಿ, ಪ್ರಮಾಣ ಹೆಚ್ಚಿಸಬೇಕಾಗಬಹುದು.

* ಬಸುರಿಯಲ್ಲಿ ಮೊದಲ ತಪಾಸಣೆಗೆ ಹೋದಾಗ, ಮತ್ತೆ 24ರಿಂದ 28 ವಾರದೊಳಗೆ ಸಕ್ಕರೆ ಪರೀಕ್ಷೆ ತಪ್ಪಿಸಬೇಡಿ. ಆಗ ಸಕ್ಕರೆ ಕಾಯಿಲೆ ಕಂಡಿದ್ದರೆ ಹೆರಿಗೆಯಾದ ಮೇಲೂ ಪರೀಕ್ಷಿಸಿಕೊಳ್ಳುತ್ತಿರಿ.

'ವಯಸ್ಸಾಯ್ತಲ್ಲ, ಸುಸ್ತು ಇದ್ದದ್ದೇ' ಅಂತ ನಿಮಗೆ ನೀವೇ ಸಮಾಧಾನ ಹೇಳಿಕೊಂಡು ಕೂರಬೇಡಿ. ಅಳೆಯುವ ದಾರಿ ಇದೆ, ಔಷಧಿಯೂ ಇದೆ. ಹಾಗೇ, ಮನೆಯಲ್ಲಿ ಮಗಳು ಫಿಸಿಕ್ಸ್ ಓದ್ತೀನಿ ಅಂದರೆ ಬೇಡ ಅನ್ನಬೇಡಿ.