ಕಾಣದ ಗಾಯ

ಕಾಲ್ಚೆಂಡಿನ ಪಂದ್ಯವೊಂದು ನಡೆಯುತ್ತಿರುವಾಗ ಆಟಗಾರನೊಬ್ಬನು ಮೊಣಕಾಲಿಗೆ ಪೆಟ್ಟಾಗಿ ನೆಲಕ್ಕೆ ಬಿದ್ದನೆಂದು ಭಾವಿಸೋಣ. ತೀರ್ಪುಗಾರನು ಸೀಟಿ ಊದುತ್ತಾನೆ, ಆಟ ನಿಲ್ಲುತ್ತದೆ, ವೈದ್ಯರು ಓಡಿಬರುತ್ತಾರೆ. ಅವನನ್ನು ಸ್ಟ್ರೆಚರಿನ ಮೇಲೆ ಹೊರಗೆ ಕೊಂಡೊಯ್ಯುವಾಗ ಎದುರು ತಂಡದ ಅಭಿಮಾನಿಗಳೂ ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ಮುಂದೆ ಆರು ತಿಂಗಳು ಅವನು ಅಂಗಣಕ್ಕೆ ಇಳಿಯದಿದ್ದರೂ ಯಾರೂ ಅವನನ್ನು ಹೇಡಿಯೆಂದು ಹಳಿಯುವುದಿಲ್ಲ. ಆದರೆ ಅದೇ ಆಟಗಾರನ ಮನಸ್ಸಿಗೆ ಗಾಯವಾದರೆ? ರಾತ್ರಿ ನಿದ್ರೆ ಬಾರದೆ, ಬೆಳಗ್ಗೆ ಹಾಸಿಗೆಯಿಂದೇಳುವ ಚೈತನ್ಯವಿಲ್ಲದೆ, ಆಟದಲ್ಲಿ ಸಂತೋಷವೇ ಬತ್ತಿಹೋಗಿ ಅವನು ಕುಗ್ಗತೊಡಗಿದರೆ? ಆಗ ಸೀಟಿ ಊದುವವರು ಇಲ್ಲ. ‘ಹಣ ಹೆಚ್ಚಾಗಿ ಸೊಕ್ಕಿದ್ದಾನೆ’, ‘ಅವನೊಬ್ಬ ಕುಡುಕ’, ‘ಅವನಿಗೆ ತಲೆ ಕೆಟ್ಟಿದೆ’ ಎಂಬ ಮಾತುಗಳು ಮಾತ್ರ ಕೇಳಿಬರುತ್ತವೆ. ಒಬ್ಬನೇ ಮನುಷ್ಯನ ಎರಡು ಗಾಯಗಳಿಗೆ ಸಮಾಜವು ಎರಡು ಬಗೆಯ ನ್ಯಾಯವನ್ನು ಏಕೆ ನೀಡುತ್ತದೆ ಎಂಬುದು ವಿಚಾರ ಮಾಡತಕ್ಕ ಸಂಗತಿಯಾಗಿದೆ.

ಕಾಲ್ಚೆಂಡಾಟವು ಕನ್ನಡ ನಾಡಿಗೆ ಹೊಸತೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಪರವಾಗಿ ಆಡಿದ ಅಹ್ಮದ್ ಖಾನ್ ಅವರು ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವರು’ ಎಂದು ಹೆಸರಾದ ಐವರು ಆಟಗಾರರಲ್ಲಿ ಅವರೂ ಒಬ್ಬರು. ಮೈಸೂರು ರಾಜ್ಯದ ತಂಡವು 1968-69ರ ವೇಳೆಗೆ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಗೆದ್ದಿತ್ತು. ಅನಂತರ 54 ವರ್ಷಗಳು ಕಳೆದು, 2023ರಲ್ಲಿ ಕರ್ನಾಟಕವು ಅದನ್ನು ಮತ್ತೆ ತನ್ನದಾಗಿಸಿಕೊಂಡಿತು. ಹಿಂದಿನವರು ಯಾವುದಾದರೊಂದು ನೌಕರಿಯನ್ನು ಹಿಡಿದು ಅದರೊಡನೆ ಆಡುತ್ತಿದ್ದುದೇ ಹೆಚ್ಚು. ಇಂದು ಆಟವೇ ಉದ್ಯೋಗವಾಗಿದೆ. 2013ರಲ್ಲಿ ಬೆಂಗಳೂರು ಎಫ್.ಸಿ. ತಂಡವು ಸ್ಥಾಪನೆಯಾದ ಮೇಲೆ ನಮ್ಮ ಹುಡುಗರಿಗೂ ಈ ದಾರಿ ಕಣ್ಣಿಗೆ ಕಾಣುವಂತಾಯಿತು. ಯಲಹಂಕವನ್ನು ದಾಟಿ ಚಿಕ್ಕಜಾಲದ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿಯೂ ಹೊಲಗಳಿದ್ದ ಎಡೆಯಲ್ಲಿ ಈಗ ಕ್ರೀಡಾ ತರಬೇತಿಯ ಅಂಗಣಗಳು ಎದ್ದಿವೆ. ಮಗನು ದೊಡ್ಡ ಆಟಗಾರನಾಗಬೇಕೆಂಬ ಆಸೆ ಅನೇಕ ತಾಯಿತಂದೆಗಳಲ್ಲಿ ಮೊಳೆತಿದೆ. ಆದುದರಿಂದ ಈ ವೃತ್ತಿಯ ಬೆಳಕನ್ನು ಬಲ್ಲಂತೆ ಅದರ ನೆರಳನ್ನೂ ಬಲ್ಲವರಾಗುವುದು ನಮಗೆ ಅವಶ್ಯಕ.

ವೃತ್ತಿಪರ ಆಟಗಾರನ ಬಾಳು ಹೊರಗೆ ಕಾಣುವಷ್ಟು ಸುಖಮಯವಲ್ಲ. ಅವನ ಉದ್ಯೋಗ ಕೆಲವೇ ವರ್ಷಗಳ ಒಪ್ಪಂದದ ಮೇಲೆ ನಿಂತಿರುತ್ತದೆ. ಮೂವತ್ತೈದರ ಸುಮಾರಿಗೆ, ಉಳಿದವರು ತಮ್ಮ ಕಸುಬಿನಲ್ಲಿ ನೆಲೆಯೂರುವ ವಯಸ್ಸಿನಲ್ಲಿ, ಅವನ ವೃತ್ತಿ ಮುಗಿದಿರುತ್ತದೆ. ಒಂದು ಪೆಟ್ಟು ಎಲ್ಲವನ್ನೂ ಕಸಿದುಕೊಳ್ಳಬಹುದು. ಗುಮಾಸ್ತನು ಲೆಕ್ಕದಲ್ಲಿ ತಪ್ಪಿದರೆ ಕಚೇರಿಯ ನಾಲ್ಕು ಮಂದಿಗೆ ತಿಳಿಯುತ್ತದೆ. ಗೋಲ್‌ಕೀಪರನ ಕೈಯಿಂದ ಚೆಂಡು ಜಾರಿದರೆ ಲಕ್ಷಾಂತರ ಮಂದಿ ಅದನ್ನು ನೋಡುತ್ತಾರೆ, ಆಡಿಕೊಳ್ಳುತ್ತಾರೆ. ಹಿಂದೆ ಈ ನಿಂದೆ ಕ್ರೀಡಾಂಗಣದ ಗೋಡೆಯೊಳಗೆ ಮುಗಿಯುತ್ತಿತ್ತು. ಈಗ ಮೊಬೈಲಿನ ಮೂಲಕ ಮಲಗುವ ಕೋಣೆಯವರೆಗೂ ಬರುತ್ತದೆ.

ಇಂತಹ ಒತ್ತಡವು ಎಲ್ಲರನ್ನೂ ರೋಗಿಗಳನ್ನಾಗಿ ಮಾಡುವುದಿಲ್ಲ. ಆದರೆ ಹುಟ್ಟಿನಿಂದ ಬಂದ ದೇಹಧರ್ಮ, ಬಾಲ್ಯದ ನೋವು, ಆಪ್ತರ ಅಗಲಿಕೆ ಮೊದಲಾದುವು ಇದರೊಡನೆ ಸೇರಿದಾಗ ಖಿನ್ನತೆಯೆಂಬ ರೋಗವು ಕಾಣಿಸಿಕೊಳ್ಳಬಹುದು. ಅದು ಬರಿಯ ಬೇಸರವಲ್ಲ. ಬೇಸರ ನಾಲ್ಕು ದಿನಗಳಲ್ಲಿ ಕಳೆಯುತ್ತದೆ; ಖಿನ್ನತೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿದು ನಿದ್ರೆ, ಹಸಿವು, ಏಕಾಗ್ರತೆಗಳನ್ನು ಕೆಡಿಸುತ್ತದೆ. ಮದ್ಯ ಮತ್ತು ಮಾದಕ ವಸ್ತುಗಳ ವ್ಯಸನವೂ ಹಾಗೆಯೇ. ಮೊದಲ ಗುಟುಕು ಸ್ವಂತ ಇಚ್ಛೆಯದಾಗಿರಬಹುದು. ಕಾಲಕ್ರಮದಲ್ಲಿ ಮೆದುಳು ಆ ವಸ್ತುವಿಗೆ ಒಗ್ಗಿ ಹೆಚ್ಚು ಹೆಚ್ಚಾಗಿ ಬೇಡುತ್ತದೆ. ಬಿಟ್ಟರೆ ಕೈ ನಡುಗುತ್ತದೆ, ಬೆವರು ಕಿತ್ತುಬರುತ್ತದೆ, ನಿದ್ರೆ ಹಾರಿಹೋಗುತ್ತದೆ. ಆ ಹಂತದಲ್ಲಿ ‘ಮನಸ್ಸು ಗಟ್ಟಿಮಾಡಿಕೋ’ ಎಂಬ ಉಪದೇಶವೊಂದೇ ಸಾಲದು, ಚಿಕಿತ್ಸೆ ಬೇಕು.

ಈ ಮಾತಿಗೆ ಜಗತ್ತಿನ ಕಾಲ್ಚೆಂಡಾಟದ ಚರಿತ್ರೆಯಲ್ಲಿ ನಿದರ್ಶನಗಳು ಬೇಕಾದಷ್ಟಿವೆ. ಬ್ರೆಜಿಲ್ ದೇಶದ ಗರಿಂಚಾ ಅವರು ಡೊಂಕು ಕಾಲುಗಳೊಡನೆ ಹುಟ್ಟಿದರೂ 1958 ಮತ್ತು 1962ರಲ್ಲಿ ತಮ್ಮ ದೇಶ ವಿಶ್ವಕಪ್ ಗೆಲ್ಲಲು ಕಾರಣರಾದವರು. ‘ಜನರ ಆನಂದ’ ಎಂದು ಅಲ್ಲಿನವರು ಅವರನ್ನು ಕರೆದರು. ಆದರೆ ಮದ್ಯವು ಅವರನ್ನು ನುಂಗಿತು. 1983ರಲ್ಲಿ, 49ನೆಯ ವಯಸ್ಸಿನಲ್ಲಿ, ಅವರು ಬಡತನದಲ್ಲಿ ತೀರಿಕೊಂಡರು. ಅಂತ್ಯಯಾತ್ರೆಗೆ ಸಾವಿರಾರು ಜನ ಸೇರಿದರು. ಗೆದ್ದೆತ್ತಿನ ಬಾಲ ಹಿಡಿಯುವ ಜನಕ್ಕೆ ಸತ್ತವನನ್ನು ಹೊಗಳುವುದೂ ಸುಲಭ. ನಡುವೆ ಬಿದ್ದಿರುವವನ ಕೈಹಿಡಿಯುವುದೇ ಕಷ್ಟ.

ಜರ್ಮನಿಯ ರಾಬರ್ಟ್ ಎಂಕೆ ಅವರ ಕಥೆ ಇನ್ನೂ ಮನಕಲಕುವಂಥದು. ಹ್ಯಾನೋವರ್ ತಂಡದ ಗೋಲ್‌ಕೀಪರರಾಗಿದ್ದ ಅವರು ರಾಷ್ಟ್ರ ತಂಡದಲ್ಲಿಯೂ ಆಡಿದ್ದರು. ಅವರನ್ನು ಖಿನ್ನತೆ ವರ್ಷಗಳಿಂದ ಕಾಡುತ್ತಿತ್ತು. 2006ರಲ್ಲಿ ಹೃದ್ರೋಗದಿಂದ ಬಳಲುತ್ತಿದ್ದ ಪುಟ್ಟ ಮಗಳನ್ನು ಕಳೆದುಕೊಂಡರು. ಮುಂದೆ ಮತ್ತೊಂದು ಹೆಣ್ಣುಮಗುವನ್ನು ದತ್ತು ಪಡೆದರು. ತಮ್ಮ ರೋಗ ಹೊರಗೆ ತಿಳಿದರೆ ಆಟವೂ ಹೋಗುತ್ತದೆ, ದತ್ತು ಪಡೆದ ಮಗುವನ್ನೂ ಕಸಿದುಕೊಳ್ಳುತ್ತಾರೆ ಎಂದು ಹೆದರಿ ಅವರು ಅದನ್ನು ಮುಚ್ಚಿಟ್ಟರು. 2009ರ ನವೆಂಬರ್ 10ರಂದು, 32ನೆಯ ವಯಸ್ಸಿನಲ್ಲಿ, ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಮರುದಿನ ಅವರ ಪತ್ನಿ ತೆರೇಸಾ ಅವರು ಪತ್ರಕರ್ತರ ಮುಂದೆ ಎಲ್ಲವನ್ನೂ ತಿಳಿಸಿದಾಗ ದೇಶವೇ ಬೆರಗಾಯಿತು. 2010ರಲ್ಲಿ ಎಂಕೆ ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನವು ಸ್ಥಾಪನೆಯಾಯಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಎಂಕೆ ಅವರಿಗೆ ವೈದ್ಯರೂ ಇದ್ದರು, ಪ್ರೀತಿಸುವ ಮಡದಿಯೂ ಇದ್ದರು. ರೋಗದ ಭಾರದ ಮೇಲೆ ‘ಜನ ಏನೆಂದಾರು’ ಎಂಬ ಭಯದ ಭಾರವೂ ಬಿದ್ದಿತ್ತು. ಆ ಎರಡನೆಯ ಭಾರವನ್ನು ಹೊರಿಸಿದುದು ಸಮಾಜ.

ಇದಕ್ಕೆ ಎದುರಾದ ನಿದರ್ಶನವೊಂದು ಇಂಗ್ಲೆಂಡಿನಲ್ಲಿದೆ. ಅಲ್ಲಿನ ರಾಷ್ಟ್ರ ತಂಡಕ್ಕೂ ಆರ್ಸೆನಲ್ ತಂಡಕ್ಕೂ ನಾಯಕರಾಗಿದ್ದ ಟೋನಿ ಆಡಮ್ಸ್ ಅವರು ಕುಡಿದು ವಾಹನ ನಡೆಸಿ 1990ರಲ್ಲಿ ಸೆರೆಮನೆಗೂ ಹೋದವರು. 1996ರಲ್ಲಿ ತಾವು ಮದ್ಯವ್ಯಸನಿಯೆಂದು ಅವರು ಬಹಿರಂಗವಾಗಿ ಒಪ್ಪಿಕೊಂಡರು. ತಂಡವು ಅವರನ್ನು ಕೈಬಿಡಲಿಲ್ಲ. ಅವರ ನಾಯಕತ್ವದಲ್ಲಿಯೇ ಆರ್ಸೆನಲ್ 1998ರಲ್ಲಿ ಮತ್ತು 2002ರಲ್ಲಿ ಲೀಗ್ ಹಾಗೂ ಕಪ್ ಎರಡನ್ನೂ ಗೆದ್ದಿತು. ವ್ಯಸನಕ್ಕೆ ಸಿಲುಕಿದ ಕ್ರೀಡಾಪಟುಗಳಿಗಾಗಿ ಅವರು 2000ದಲ್ಲಿ ಚಿಕಿತ್ಸಾಲಯವೊಂದನ್ನೂ ತೆರೆದರು. ರೋಗಿಯೆಂಬ ಕಾರಣಕ್ಕೆ ಮಾಡಿದ ತಪ್ಪು ತಪ್ಪಲ್ಲವೆಂದು ಯಾರೂ ಹೇಳುವುದಿಲ್ಲ. ಕಾನೂನಿನ ದಂಡನೆಯನ್ನು ಆಡಮ್ಸ್ ಅನುಭವಿಸಿದರು. ಆದರೆ ದಂಡನೆಯೇ ಬೇರೆ, ಅವಹೇಳನವೇ ಬೇರೆ. ದಂಡನೆಗೆ ಒಂದು ಮಿತಿಯುಂಟು, ಅವಹೇಳನಕ್ಕೆ ಮಿತಿಯಿಲ್ಲ.

ನಮ್ಮ ನಾಡಿನಲ್ಲಿ ಈ ಬಗೆಯ ಧೈರ್ಯವನ್ನು ಕ್ರಿಕೆಟ್ ಆಟಗಾರರೊಬ್ಬರು ತೋರಿದರು. ಅವರೇ ಕೊಡಗಿನ ರಾಬಿನ್ ಉತ್ತಪ್ಪ. 2007ರಲ್ಲಿ ವಿಶ್ವಕಪ್ ಗೆದ್ದ ಭಾರತದ ಟಿ-20 ತಂಡದಲ್ಲಿ ಅವರಿದ್ದರು. 2009ರಿಂದ 2011ರವರೆಗೆ ತಾವು ಖಿನ್ನತೆಯಿಂದ ಬಳಲಿದುದನ್ನೂ, ಬದುಕೇ ಬೇಡವೆನಿಸಿದ್ದ ದಿನಗಳನ್ನೂ 2020ರಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಇತರರ ನೆರವನ್ನು ಪಡೆದು ಚೇತರಿಸಿಕೊಂಡ ಅವರು 2014ರ ಐ.ಪಿ.ಎಲ್. ಪಂದ್ಯಗಳಲ್ಲಿ 660 ಓಟಗಳನ್ನು ಗಳಿಸಿ ಮೊದಲಿಗರಾಗಿದ್ದರು. ಆಟ ಬೇರೆಯಾದರೂ ನೋವು ಒಂದೇ. ಅದನ್ನು ಗೆಲ್ಲುವ ದಾರಿಯೂ ಒಂದೇ.

ಆ ದಾರಿಗೆ ಬೇಕಾದ ಸಾಧನಗಳು ನಮ್ಮಲ್ಲಿಯೇ ಇವೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಂದರೆ ನಿಮ್ಹಾನ್ಸ್, ದೇಶಕ್ಕೇ ಹೆಸರಾದುದು. ಆದರೆ ಅದನ್ನು ಇಂದಿಗೂ ‘ಹುಚ್ಚಾಸ್ಪತ್ರೆ’ಯೆಂದು ಕರೆಯುವವರು ಇದ್ದಾರೆ. ಈ ಒಂದು ಶಬ್ದಕ್ಕೆ ಅಂಜಿ ಎಷ್ಟು ಮಂದಿ ಅದರ ಬಾಗಿಲಿನವರೆಗೂ ಹೋಗದೆ ಉಳಿದಿರಬಹುದು! 2015-16ರಲ್ಲಿ ಈ ಸಂಸ್ಥೆಯ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ಮದ್ಯದಿಂದ ರೋಗಿಗಳಾದವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಚಿಕಿತ್ಸೆಯನ್ನೇ ಪಡೆದಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆಯು ದೇಹದ ರೋಗಿಗೂ ಮನಸ್ಸಿನ ರೋಗಿಗೂ ಚಿಕಿತ್ಸೆಯಲ್ಲಿ ಭೇದ ಮಾಡಕೂಡದೆಂದು ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿ ಯಾರಾದರೂ ಉಚಿತವಾಗಿ ಸಲಹೆ ಪಡೆಯಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಹೀಗೆ ಕಾನೂನೂ ಉಂಟು, ಆಸ್ಪತ್ರೆಯೂ ಉಂಟು. ಬದಲಾಗಬೇಕಾದುದು ನಮ್ಮ ನಾಲಗೆ. ಬಿದ್ದವನಿಗೆ ಆಳಿಗೊಂದು ಕಲ್ಲು ಎಂಬ ಗಾದೆ ಲೋಕದ ರೂಢಿಯನ್ನು ಹೇಳುತ್ತದೆ. ಅದೇ ನಮ್ಮ ನೀತಿಯಾಗಬೇಕಾಗಿಲ್ಲ. ನಿಮ್ಮ ಶಾಲೆಯ ತಂಡದಲ್ಲಿಯೇ ಚೆನ್ನಾಗಿ ಆಡುತ್ತಿದ್ದ ಗೆಳೆಯನೊಬ್ಬನು ದಿನೇ ದಿನೇ ಮಂಕಾಗಿ ಎಲ್ಲರಿಂದ ದೂರ ಸರಿಯಬಹುದು. ಅವನನ್ನು ಗೇಲಿ ಮಾಡದೆ ಪಕ್ಕದಲ್ಲಿ ಕುಳಿತು ಏನಾಯಿತೆಂದು ಕೇಳಿರಿ. ಅವನ ಮಾತನ್ನು ಕೊನೆಯವರೆಗೂ ಆಲಿಸಿರಿ. ನಂಬಿಕೆಯ ಉಪಾಧ್ಯಾಯರಿಗೋ ಮನೆಯ ಹಿರಿಯರಿಗೋ ತಿಳಿಸಿ, ಅವನನ್ನು ವೈದ್ಯರ ಬಳಿಗೆ ಕರೆದೊಯ್ಯಲು ನೆರವಾಗಿರಿ. ಮುರಿದ ಕಾಲಿಗೆ ಚಪ್ಪಾಳೆ ತಟ್ಟಿ ಧೈರ್ಯ ಹೇಳುವ ಜನ, ನೊಂದ ಮನಸ್ಸಿಗೂ ಅಷ್ಟೇ ಸಹಜವಾಗಿ ಧೈರ್ಯ ಹೇಳುವುದನ್ನು ಕಲಿತ ದಿನ, ಯಾವ ಆಟಗಾರನೂ ತನ್ನ ಗಾಯವನ್ನು ಮುಚ್ಚಿಟ್ಟುಕೊಂಡು ಒಬ್ಬನೇ ನರಳಬೇಕಾಗುವುದಿಲ್ಲ.