ಮತದಾರರಿಲ್ಲದ ಚುನಾವಣೆ

1943ರ ಸೆಪ್ಟೆಂಬರ್ 20, ಸೋಮವಾರ. ಮನಿಲಾದಲ್ಲಿ ಮಳೆಗಾಲ ಇನ್ನೂ ಮುಗಿದಿಲ್ಲ. ಪೆಟ್ರೋಲ್ ಜಪಾನಿ ಸೈನ್ಯದ ಪಾಲಾಗಿರುವುದರಿಂದ ಬೀದಿಗಳಲ್ಲಿ ಮತ್ತೆ ಕುದುರೆಗಾಡಿಗಳ ಸದ್ದು. ಗಡಿಯಾರಗಳು ಟೋಕಿಯೊ ಸಮಯ ತೋರಿಸುತ್ತಿವೆ. ನಿನ್ನೆಮೊನ್ನೆಯವರೆಗೆ ಟಾಫ್ಟ್ ಅವೆನ್ಯೂ ಆಗಿದ್ದ ರಸ್ತೆಗೆ ಈಗ ದೈತೋವಾ ಎಂಬ ಹೆಸರು. ಕಾವಲು ಸೈನಿಕನ ಎದುರು ಹಾದುಹೋಗುವವರು ನಿಂತು, ಸೊಂಟ ಬಗ್ಗಿಸಿ ವಂದಿಸಬೇಕು. ಬಗ್ಗಿದ್ದು ಸಾಲದೆಂದು ಅವನಿಗೆ ಅನ್ನಿಸಿದರೆ ಕೆನ್ನೆಗೆ ಏಟು.

ಇಂಥ ದಿನ ಫಿಲಿಪ್ಪೀನ್ಸಿನ ರಾಷ್ಟ್ರೀಯ ಸಭೆಗೆ ಚುನಾವಣೆ.

ಆದರೆ ಊರಿನಲ್ಲಿ ಮತಗಟ್ಟೆಯೇ ಇಲ್ಲ. ಅಕ್ಕಿಗಾಗಿ ಸಾಲು ನಿಂತವರಿದ್ದಾರೆ, ಮತ ಹಾಕಲು ಸಾಲು ನಿಂತವರಿಲ್ಲ. ಅವರ ಕೈಯಲ್ಲಿರುವ ಪೆಸೊ ನೋಟಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರುವುದು ಜಪಾನ್ ಸರ್ಕಾರದ ಹೆಸರು. ಜನ ಅದನ್ನು ‘ಮಿಕ್ಕಿ ಮೌಸ್ ದುಡ್ಡು’ ಎಂದು ಮರೆಯಲ್ಲಿ ಹೀಯಾಳಿಸುತ್ತಾರೆ. ಮಾತು ಜೋರಾದರೆ ಫೋರ್ಟ್ ಸ್ಯಾಂಟಿಯಾಗೊದ ಕತ್ತಲೆಕೋಣೆ ಕಾದಿರುತ್ತದೆ. ಜಪಾನಿ ಮಿಲಿಟರಿ ಪೊಲೀಸರ ಬಿಡಾರ ಅಲ್ಲೇ.

ಚುನಾವಣೆ ನಡೆದದ್ದು ಪ್ರಾಂತ್ಯಗಳಲ್ಲಿ, ‘ಕಲಿಬಾಪಿ’ಯ ಸಭೆಗಳ ಒಳಗೆ. ಹಳೆಯ ಪಕ್ಷಗಳನ್ನೆಲ್ಲ ವಿಸರ್ಜಿಸಿ, 1942ರ ಡಿಸೆಂಬರ್‌ನಲ್ಲಿ ಹುಟ್ಟುಹಾಕಿದ ಏಕೈಕ ಸಂಘಟನೆ ಅದು. ಅಭ್ಯರ್ಥಿಯೂ ಅದರವನೇ, ಮತ ಕೊಡುವವನೂ ಅದರವನೇ. ಹೀಗೆ ಆಯ್ಕೆಯಾದವರು 54 ಮಂದಿ. ಪ್ರಾಂತ್ಯಗಳ ಗವರ್ನರುಗಳು, ನಗರಗಳ ಮೇಯರುಗಳು ಎಂದು ಇನ್ನೂ 54 ಮಂದಿ ಹುದ್ದೆಯ ಬಲದಿಂದಲೇ ಒಳಗೆ ಬಂದರು. ಒಟ್ಟು 108. ಈ ಸಭೆಗೆ ಆಧಾರವಾದ ಸಂವಿಧಾನಕ್ಕೆ ಹದಿಮೂರು ದಿನ ಮೊದಲು ಒಪ್ಪಿಗೆ ಕೊಟ್ಟದ್ದೂ ಕಲಿಬಾಪಿಯ ಸಮಾವೇಶವೇ. ಜನರ ಮತದಿಂದ ಹೊಸ ಸಂವಿಧಾನ ಸಭೆಯನ್ನು ಆರಿಸುವ ಮಾತು ಅದರಲ್ಲಿ ಇತ್ತು. ಆದರೆ ಯುದ್ಧ ಮುಗಿದ ಮೇಲೆ.

ನನ್ನನ್ನು ಹೆಚ್ಚು ಕಾಡುವುದು ಅಲ್ಲಿನ ಹೆಂಗಸರ ವಿಚಾರ. 1937ರ ಏಪ್ರಿಲ್ 30ರ ಜನಮತಗಣನೆಯಲ್ಲಿ ಅವರ ಮುಂದೆ ಒಂದು ಷರತ್ತಿತ್ತು: ನಿಮ್ಮಲ್ಲಿ ಮೂರು ಲಕ್ಷ ಜನ ಬೇಕು ಎಂದರೆ ಮಾತ್ರ ಮತದ ಹಕ್ಕು. ಬೇಕು ಎಂದವರು 4,47,000ಕ್ಕೂ ಹೆಚ್ಚು. 1941ರ ನವೆಂಬರ್‌ನಲ್ಲಿ ಎಲಿಸಾ ಒಚೋವಾ ಗೆದ್ದು ಕೆಳಮನೆಯ ಮೊದಲ ಮಹಿಳಾ ಸದಸ್ಯೆಯಾದರು. ಆ ಫಲಿತಾಂಶದ ಶಾಯಿ ಆರುವ ಮೊದಲೇ ಬಾಂಬು ಬಿತ್ತು. 1942ರ ಜನವರಿ 2ಕ್ಕೆ ಮನಿಲಾ ಜಪಾನಿನ ವಶವಾಯಿತು. ಅಷ್ಟು ಹೆಣಗಿ ಪಡೆದ ಹಕ್ಕನ್ನು ಯಾರೂ ರದ್ದು ಮಾಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಮತಪೆಟ್ಟಿಗೆ ಇಡಲಿಲ್ಲ, ಅಷ್ಟೆ.

ಸೆಪ್ಟೆಂಬರ್ 25ರಂದು ಸಭೆ ಹೊಸೆ ಲೌರೆಲ್ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಜೂನ್‌ನಲ್ಲಿ ಗಾಲ್ಫ್ ಮೈದಾನದಲ್ಲಿ ಗೆರಿಲ್ಲಾ ಗುಂಡು ತಿಂದು ಬದುಕಿದ್ದ ಮನುಷ್ಯ. ಸ್ಪೀಕರ್ ಆದವರು ಬೆನಿಗ್ನೊ ಅಕಿನೊ, ಮುಂದೆ ಹತ್ಯೆಗೀಡಾದ ವಿರೋಧಪಕ್ಷದ ನಾಯಕ ನಿನೊಯ್ ಅಕಿನೊ ಅವರ ತಂದೆ. ಅಕ್ಟೋಬರ್ 14ರಂದು ಶಾಸನಭವನದ ಎದುರು, ನಿಷೇಧಿಸಿದ್ದ ರಾಷ್ಟ್ರಧ್ವಜ ಮತ್ತೆ ಏರಿತು. ಹಗ್ಗ ಎಳೆದವರಲ್ಲಿ ಹಳೆಯ ಸ್ವಾತಂತ್ರ್ಯ ಹೋರಾಟದ ಮುಂದಾಳು, ಮುಪ್ಪಿನ ಅಗಿನಾಲ್ಡೊ ಕೂಡ ಇದ್ದರು. ಆ ಬಾವುಟ ಕಂಡು ಅತ್ತವರ ಕಣ್ಣೀರು ಸುಳ್ಳಲ್ಲ. ಆದರೆ ಜಪಾನಿನೊಂದಿಗಿನ ಮೈತ್ರಿ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಅದೇ ದಿನ.

ಸಭೆಯಲ್ಲಿ ಕೂತವರೆಲ್ಲ ದ್ರೋಹಿಗಳು ಎನ್ನಲು ನಾನು ಸಿದ್ಧನಿಲ್ಲ. ಮುಖ್ಯ ನ್ಯಾಯಮೂರ್ತಿ ಹೊಸೆ ಅಬಾದ್ ಸ್ಯಾಂಟೋಸ್ ಸಹಕರಿಸಲು ಒಪ್ಪದೆ 1942ರ ಮೇ ತಿಂಗಳಲ್ಲಿ ಗುಂಡಿಗೆ ಎದೆಯೊಡ್ಡಿದರು; ಅಂಥ ಧೈರ್ಯವನ್ನು ಎಲ್ಲರಿಂದ ಕೇಳುವುದು ತಪ್ಪು. ಲೌರೆಲ್ ಕೂಡ ತಮ್ಮ ದೇಶದ ಹುಡುಗರನ್ನು ಜಪಾನಿನ ಯುದ್ಧಕ್ಕೆ ಕಡ್ಡಾಯವಾಗಿ ಭರ್ತಿ ಮಾಡಲು ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಒಳ್ಳೆಯವರು ಕೂತ ಮಾತ್ರಕ್ಕೆ ಅದು ಜನರ ಸಭೆಯಾಗಲಿಲ್ಲ. ಜನರನ್ನು ಯಾರೂ ಕೇಳಿರಲಿಲ್ಲ.

1945ರ ಫೆಬ್ರವರಿಯಲ್ಲಿ ಮನಿಲಾಕ್ಕಾಗಿ ಅಮೆರಿಕ ಮತ್ತು ಜಪಾನ್ ಸೈನ್ಯಗಳ ನಡುವೆ ನಡೆದ ಕದನದಲ್ಲಿ ಶಾಸನಭವನ ಪಾಳುಬಿತ್ತು. ಮನಿಲಾದ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಲೌರೆಲ್ ಮೇಲೆ ದೇಶದ್ರೋಹದ ಮೊಕದ್ದಮೆ ಹೂಡಿದರು, 1948ರಲ್ಲಿ ಕ್ಷಮಾದಾನ ಬಂತು. 1951ರಲ್ಲಿ ಅವರು ಸೆನೆಟ್‌ಗೆ ಸ್ಪರ್ಧಿಸಿದರು. ಈ ಸಲ ಗಂಡಸರೂ ಹೆಂಗಸರೂ ಮತಗಟ್ಟೆಗೆ ಹೋಗಿ ಮತ ಹಾಕಿದರು, ಅತಿ ಹೆಚ್ಚು ಮತ ಲೌರೆಲ್ ಅವರಿಗೇ ಬಿದ್ದವು.