ಭೌತಶಾಸ್ತ್ರ ಓದಿದವರಿಗೂ ಆಸ್ಪತ್ರೆಯಲ್ಲಿ ಕೆಲಸವಿದೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಿಗೆ ಹೋದರೂ ಪಾಲಕರದು ಒಂದೇ ಚಿಂತೆ: ಮುಂದೆ ಏನು ಓದಿಸುವುದು? ನಿಮ್ಮ ಮಗಳಿಗೆ ಭೌತಶಾಸ್ತ್ರದ ಲೆಕ್ಕಗಳೆಂದರೆ ಪ್ರಾಣ, ಜೀವಶಾಸ್ತ್ರದ ಪುಸ್ತಕವನ್ನೂ ಕೆಳಗಿಡುವುದಿಲ್ಲ ಎನ್ನೋಣ. ಯಾವುದಾದರೂ ಒಂದನ್ನು ಬಿಡು ಎಂದು ಮನೆಮಂದಿಯೆಲ್ಲ ಬೆನ್ನು ಹತ್ತುತ್ತಾರೆ. ದಯವಿಟ್ಟು ಬಿಡಿಸಬೇಡಿ.

ತಂಬಾಕು, ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಬಂದ ನಮ್ಮ ಭಾಗದವರು ‘ಕರೆಂಟ್ ಕೊಡಿಸಲು’ ಹುಬ್ಬಳ್ಳಿಯ ನವನಗರಕ್ಕೋ ಬೆಂಗಳೂರಿನ ಕಿದ್ವಾಯಿಗೋ ಹೋಗುವುದನ್ನು ನೀವು ಕೇಳಿರುತ್ತೀರಿ. ಅದು ಕರೆಂಟಲ್ಲ, ವಿಕಿರಣ. ಎಷ್ಟು ಬೇಕೆಂದು ತಜ್ಞ ವೈದ್ಯರು ಬರೆಯುತ್ತಾರೆ; ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಆರೇಳು ವಾರ. ಆದರೆ ಕಿರಣ ಯಾವ ಕೋನದಿಂದ ಬರಬೇಕು, ಗಡ್ಡೆಗೆ ಪೂರ್ತಿ ತಲುಪಿ ಪಕ್ಕದ ಜೊಲ್ಲಿನ ಗ್ರಂಥಿಗೂ ಬೆನ್ನುಹುರಿಗೂ ಆದಷ್ಟು ಕಡಿಮೆ ತಾಗುವುದು ಹೇಗೆ, ಯಂತ್ರ ಇಂದು ಹೇಳಿದಷ್ಟನ್ನೇ ಕೊಡುತ್ತಿದೆಯೇ ಎಂಬುದನ್ನೆಲ್ಲ ಲೆಕ್ಕ ಹಾಕಿ ನೋಡುವವರು ವೈದ್ಯಕೀಯ ಭೌತವಿಜ್ಞಾನಿಗಳು. ಪ್ರಮಾಣ ಕಡಿಮೆಯಾದರೆ ಗಡ್ಡೆ ಉಳಿದುಬಿಡಬಹುದು. ಗ್ರಂಥಿಗೆ ಹೆಚ್ಚು ತಾಗಿದರೆ ಬಾಯಿ ಒಣಗಿ ರೊಟ್ಟಿಯ ತುತ್ತು ನುಂಗುವುದೇ ಕಷ್ಟ. ನಮ್ಮ ಎಂಬಿಬಿಎಸ್ ಓದಿನಲ್ಲಿ ಈ ಲೆಕ್ಕ ಇಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಇವರಿಲ್ಲದೆ ವಿಕಿರಣ ಚಿಕಿತ್ಸೆಯ ವಿಭಾಗ ನಡೆಸುವಂತೆಯೇ ಇಲ್ಲ.

ಸಂಶೋಧನೆಯ ಹಾದಿಯೂ ಉಂಟು. ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ ಓದಿದ್ದು ಭೌತಶಾಸ್ತ್ರ. ನಮ್ಮ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಮೂರೆಳೆಯ ಹಗ್ಗದಂತೆ ಹೊಸೆದುಕೊಂಡಿದೆ ಎಂದು 1950ರ ದಶಕದಲ್ಲಿ ಮದರಾಸಿನಲ್ಲಿ ಕ್ಷ-ಕಿರಣಗಳ ನೆರವಿನಿಂದ ತೋರಿಸಿದವರು ಅವರು. (ಮಿಣಿ ಹೊಸೆಯುವುದನ್ನು ಕಂಡ ರೈತರ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ.) ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದವರೂ ಅವರೇ.

ಈಗ ದಾರಿ ಯಾವುದು? ಪಿಯುಸಿಯಲ್ಲಿ ಪಿಸಿಎಂಬಿ ಕೊಡಿಸಿ, ಎರಡೂ ಬಾಗಿಲು ತೆರೆದಿರುತ್ತವೆ. ಬಿ.ಎಸ್ಸಿಯನ್ನು ಕೊಪ್ಪಳದಲ್ಲೇ ಓದಬಹುದು. ಭೌತಶಾಸ್ತ್ರ ಮುಖ್ಯ ವಿಷಯವಾಗಿರಲಿ, ಅಂಕ ಶೇ. 60ಕ್ಕಿಂತ ಕೆಳಗಿಳಿಯದಿರಲಿ. ಆಮೇಲೆ ವೈದ್ಯಕೀಯ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಇಲ್ಲವೇ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ ಮುಗಿಸಿ ಒಂದು ವರ್ಷದ ಡಿಪ್ಲೊಮಾ. ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಇದನ್ನು ನಡೆಸುತ್ತದೆ. ಜೊತೆಗೆ ವಿಕಿರಣ ಚಿಕಿತ್ಸೆಯಿರುವ ಆಸ್ಪತ್ರೆಯಲ್ಲಿ 12 ತಿಂಗಳ ತರಬೇತಿ. ಸೇರಿಸುವ ಮುನ್ನ ಆ ಕೋರ್ಸನ್ನು ಅಣುಶಕ್ತಿ ನಿಯಂತ್ರಣ ಮಂಡಳಿ ಒಪ್ಪುತ್ತದೆಯೇ ಎಂದು ಬರಹದಲ್ಲೇ ಕೇಳಿ ತಿಳಿದುಕೊಳ್ಳಿ. ಫೀ ಕಟ್ಟಿದ ಮೇಲೆ ಕೇಳಿದರೆ ತಡವಾಗುತ್ತದೆ.